ಯೆಹೂದ್ಯರ ವಿವಾಹೋಪಕರಣಗಳು

ಬೆಂಗಳೂರಿನ ಯೆಹೂದ್ಯರಿಗೆ ಸ್ಮಶಾನಭೂಮಿಯುಂಟು. ಸಿನಗಾಗ್ ಎಂಬ ಪ್ರಾರ್ಥನಾಮಂದಿರವು ಮಾತ್ರ ಇಲ್ಲಿ ಏಳಲಿಲ್ಲ. ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ, 1904ರಲ್ಲಿ, ಮೈಸೂರು ರಸ್ತೆಯ ಸ್ಮಶಾನಕ್ಕೆ ಸ್ಥಳವು ದೊರೆಯಿತು. ಅಲ್ಲಿಯ ಹಳೆಯ ಸಮಾಧಿಗಳಲ್ಲೊಂದು ಸುಬೇದಾರರೊಬ್ಬರದು. ಕೊಂಕಣ ಮೂಲದ, ಮರಾಠಿಯನ್ನಾಡುವ ಬೆನೆ ಇಸ್ರಯೇಲರು ಸೈನ್ಯದ ನೌಕರಿಯಿಂದಲೂ, ಬಾಗ್ದಾದಿ ಯೆಹೂದ್ಯರು ವ್ಯಾಪಾರದಿಂದಲೂ ದಂಡಿನ ಪ್ರದೇಶಕ್ಕೆ ಬಂದವರು. ಕಮರ್ಷಿಯಲ್ ರಸ್ತೆಯಲ್ಲಿದ್ದ ರೂಬಿನ್ ಮೋಸೆಸರ ಪಾದರಕ್ಷೆಯ ಅಂಗಡಿಯು ಒಂದು ಕಾಲಕ್ಕೆ ಊರಿಗೆಲ್ಲ ಪರಿಚಿತವಾಗಿದ್ದಿತು. ಪ್ರಾರ್ಥನೆಗಳು ಮನೆಗಳಲ್ಲಿಯೇ ನಡೆಯುತ್ತಿದ್ದುವು.

ಮಂದಿರವಿಲ್ಲದ ಊರಿನಲ್ಲಿ ವಿವಾಹವು ಶಾಸ್ತ್ರೋಕ್ತವಾಗುವುದು ಹೇಗೆಂಬ ಪ್ರಶ್ನೆ ಇಲ್ಲಿ ಸಹಜವಾಗಿ ಏಳುತ್ತದೆ. ಯೆಹೂದ್ಯ ಧರ್ಮಶಾಸ್ತ್ರದ ಉತ್ತರವು ಸರಳವಾದುದು: ಸಿಂಧುತ್ವವು ಸ್ಥಳದಲ್ಲಿಯೂ ಇಲ್ಲ, ಪುರೋಹಿತನಲ್ಲಿಯೂ ಇಲ್ಲ, ಕೆಲವು ವಸ್ತುಗಳು, ಒಂದು ವಾಕ್ಯ, ಇಬ್ಬರು ಸಾಕ್ಷಿಗಳು, ಇಷ್ಟರಲ್ಲಿ ಅಡಗಿದೆ. ಆ ವಸ್ತುಗಳನ್ನು ಕನ್ನಡದಲ್ಲಿ ಹೇಳಹೊರಟಾಗ ತಾಳಿ, ವರದಕ್ಷಿಣೆ, ಚಪ್ಪರ ಎಂಬ ಮಾತುಗಳು ತಾವಾಗಿಯೇ ಬಾಯಿಗೆ ಬರುತ್ತವೆ. ಪಾಠ ಹೇಳುವವರಿಗೆ ಇವು ಅನುಕೂಲವೇನೋ ಹೌದು. ಆದರೆ ಮೂರೂ ದಾರಿ ತಪ್ಪಿಸತಕ್ಕವು.

ಮೊದಲು ಉಂಗುರ. ಇದನ್ನು ನಮ್ಮ ತಾಳಿಯೆಂದು ಕರೆಯುವುದು ಸುಲಭ. ಆದರೆ ಪ್ರಾಚೀನ ಶಾಸ್ತ್ರದಲ್ಲಿ ಉಂಗುರದ ಹೆಸರೇ ಇಲ್ಲ. ವಿವಾಹಬಂಧವು ಹಣದಿಂದ ಆಗಬಹುದೆಂದು ಮಿಷ್ನಾ ಗ್ರಂಥವು ಹೇಳಿ, ಅದು ಎಷ್ಟಿರಬೇಕೆಂಬಲ್ಲಿ ಎರಡು ಪಂಥಗಳ ಮತಭೇದವನ್ನು ದಾಖಲಿಸುತ್ತದೆ: ಶಮ್ಮಾಯಿಯ ಪಂಥಕ್ಕೆ ಒಂದು ದಿನಾರವಾದರೂ ಬೇಕು, ಹಿಲ್ಲೇಲನ ಪಂಥಕ್ಕೆ ಪೆರೂಟಾ ಎಂಬ ಅತಿ ಸಣ್ಣ ತಾಮ್ರದ ಕಾಸು ಸಾಕು. ಹಿಲ್ಲೇಲನ ಮತವೇ ನಿಂತಿತು. ಉಂಗುರವು ಆ ಕಾಸಿನ ಸ್ಥಾನಕ್ಕೆ ಬಂದುದು ಮಾತ್ರ. ಆದುದರಿಂದ ಅದು ವರನ ಸ್ವಂತ ಸೊತ್ತಾಗಿರಬೇಕು. ಅದರಲ್ಲಿ ಹರಳನ್ನು ಕೂಡಿಸುವುದಿಲ್ಲ. ಹರಳಿನ ಬೆಲೆಯನ್ನು ವಧುವು ತಪ್ಪಾಗಿ ಎಣಿಸಿದರೆ ಆಕೆಯ ಸಮ್ಮತಿಗೇ ದೋಷ ತಟ್ಟುವುದೆಂಬುದು ಕಾರಣ. ಮೋಶೆಯ ಮತ್ತು ಇಸ್ರಯೇಲಿನ ಧರ್ಮದಂತೆ ಈ ಉಂಗುರದಿಂದ ನೀನು ನನಗೆ ಮೀಸಲಾದೆ ಎಂಬರ್ಥದ ಒಂಬತ್ತು ಹೀಬ್ರೂ ಶಬ್ದಗಳನ್ನು ನುಡಿದು, ವರನು ಅದನ್ನು ಆಕೆಯ ಬಲಗೈಯ ತೋರುಬೆರಳಿಗೆ ತೊಡಿಸುವನು. ನಮ್ಮ ಧಾರೆಯಲ್ಲಿ ಕೊಡುವವನು ತಂದೆ, ಕೊಡಲ್ಪಡುವವಳು ಕನ್ಯೆ. ಇಲ್ಲಿ ಕೊಡುವವನು ವರ, ಪಡೆಯುವವಳು ವಧು. ಪ್ರಾಪ್ತವಯಸ್ಕಳಾದ ವಧುವು ಒಪ್ಪದಿದ್ದರೆ ಬಂಧವೇ ಇಲ್ಲ.

ಎರಡನೆಯದು ಕೆತುಬಾ ಎಂಬ ಲಿಖಿತಪತ್ರ. ಇದರ ಭಾಷೆ ಹೀಬ್ರೂ ಅಲ್ಲ, ಅರಮಾಯಿಕ್. ಇದು ರಚಿತವಾದ ಕಾಲದಲ್ಲಿ ಜನರು ಆಡುತ್ತಿದ್ದ ನುಡಿ ಅದೇ. ಅನ್ನವಸ್ತ್ರಗಳನ್ನೂ ದಾಂಪತ್ಯಧರ್ಮವನ್ನೂ ನಡೆಸುವೆನೆಂದು ವರನು ಇದರಲ್ಲಿ ಒಪ್ಪುತ್ತಾನೆ. ವಿಚ್ಛೇದವಾದರೂ ತಾನು ಸತ್ತರೂ ಆಕೆಗೆ ಸಲ್ಲತಕ್ಕ ಧನವನ್ನು ಬರೆಯಿಸುತ್ತಾನೆ. ಕನ್ಯೆಗೆ 200 ಜೂಜ್, ವಿಧವೆಗೆ 100 ಜೂಜ್ ಎಂಬುದು ಮಿಷ್ನಾದಲ್ಲಿ ಹೇಳಿರುವ ಕನಿಷ್ಠ ಮೊತ್ತ. ಪತ್ನಿಯನ್ನು ತ್ಯಜಿಸುವುದು ಗಂಡನಿಗೆ ಹಗುರವಾಗಬಾರದೆಂಬುದೇ ಉದ್ದೇಶವೆಂದು ತಾಲ್ಮೂದ್ ಸ್ಪಷ್ಟವಾಗಿ ಹೇಳುತ್ತದೆ. ಇದನ್ನು ವರದಕ್ಷಿಣೆ ಎಂದು ಭಾಷಾಂತರಿಸಿದರೆ ಸಾಲಗಾರನನ್ನೇ ಸಾಹುಕಾರನನ್ನಾಗಿ ಮಾಡಿದಂತಾಯಿತು. ಶಿವಾಜಿನಗರದ ನೆರೆಹೊರೆಯಲ್ಲಿ ನಿಕಾಹಿನ ಮಹರನ್ನು ಬಲ್ಲವರಿಗೆ ಕೆತುಬಾ ಬೇಗ ತಿಳಿದೀತು. ವಧುವು ತವರಿನಿಂದ ತಂದ ಸೊತ್ತನ್ನೂ ಇದರಲ್ಲಿ ನಮೂದಿಸುವ ರೂಢಿಯಿದೆ. ಪತ್ರವು ಆಕೆಯ ವಶದಲ್ಲಿಯೇ ಉಳಿಯತಕ್ಕದ್ದು. ಕಳೆದುಹೋದರೆ ಬೇರೊಂದನ್ನು ಬರೆಯಿಸದೆ ದಂಪತಿಗಳು ಕೂಡಿ ಬಾಳಕೂಡದು. ಕಲ್ಕತ್ತೆ, ಮುಂಬಯಿಗಳ ಬಾಗ್ದಾದಿಗಳು ಈ ಪತ್ರದ ಅಂಚಿನಲ್ಲಿ ಮೀನು, ಹಕ್ಕಿ, ಹುಲಿಗಳನ್ನು ಬಣ್ಣದಿಂದ ಬರೆಯಿಸಿದರು. ಋಣಪತ್ರಕ್ಕೆ ಇಷ್ಟು ಸೊಗಸು ಬೇರೆಲ್ಲಿಯೂ ಸಂದಿರಲಾರದು.

ಮೂರನೆಯದು ಹುಪ್ಪಾ. ಹುಪ್ಪಾ, ಚಪ್ಪರ ಎಂಬ ಧ್ವನಿಸಾಮ್ಯವನ್ನು ಕಂಡು ಸಂಬಂಧ ಕಲ್ಪಿಸುವ ಆಸೆ ಯಾರಿಗಾದರೂ ಬಂದೀತು, ಅದಕ್ಕೆ ಆಧಾರವಿಲ್ಲ. ಹೀಬ್ರೂ ಶಬ್ದಕ್ಕೆ ಮುಚ್ಚು, ಹೊದಿಸು ಎಂಬುದು ಧಾತ್ವರ್ಥ. 19ನೆಯ ಕೀರ್ತನೆಯಲ್ಲಿಯೂ ಯೋವೇಲನ ಗ್ರಂಥದಲ್ಲಿಯೂ ಅದು ವಧೂವರರ ಕೋಣೆಯೇ ಆಗಿದೆ. ನಮ್ಮ ಚಪ್ಪರವು ನೆಂಟರಿಷ್ಟರಿಗೆಲ್ಲ ನೆರಳು. ಹುಪ್ಪಾ ಆ ಇಬ್ಬರ ಮನೆ. ಯೂರೋಪಿನವರು ನಾಲ್ಕು ಕೋಲುಗಳ ಮೇಲೆ ವಸ್ತ್ರವನ್ನು ಹಿಡಿಯುತ್ತಾರೆ. ಪೌರಸ್ತ್ಯರಲ್ಲಿ ಅನೇಕರು ಪ್ರಾರ್ಥನೆಯ ಶಾಲನ್ನೇ ದಂಪತಿಗಳ ತಲೆಯ ಮೇಲೆ ಹರಡುತ್ತಾರೆ.

ದ್ರಾಕ್ಷಾರಸದ ಪಾತ್ರೆಗಳು ಎರಡು. ಹಿಂದೆ ನಿಶ್ಚಯವಿಧಿಗೂ ವಿವಾಹಕ್ಕೂ ನಡುವೆ ಒಂದು ವರ್ಷದವರೆಗೆ ಅಂತರವಿರುತ್ತಿದ್ದುದರ ಗುರುತಿದು. ಈಗ ಎರಡೂ ಒಂದೇ ದಿನ ನಡೆಯುವುದರಿಂದ, ನಡುವೆ ಕೆತುಬಾವನ್ನು ಓದಿ ಅವುಗಳನ್ನು ಬೇರ್ಪಡಿಸುತ್ತಾರೆ. ಎರಡನೆಯ ಪಾತ್ರೆಯ ಮೇಲೆ ಏಳು ಆಶೀರ್ವಚನಗಳು. ಇದಕ್ಕೂ ಸಪ್ತಪದಿಗೂ ಸಂಖ್ಯೆಯ ಹೊರತು ಸಂಬಂಧವಿಲ್ಲ. ಈ ಆಶೀರ್ವಚನಗಳಿಗೆ ಹತ್ತು ಮಂದಿ ವಯಸ್ಕ ಪುರುಷರು ನೆರೆಯಬೇಕೆಂಬುದು ಸಂಪ್ರದಾಯದ ನಿಯಮ. ಸಿನಗಾಗ್ ಇಲ್ಲದಿರುವುದಕ್ಕಿಂತ ಈ ಹತ್ತು ಮಂದಿಯನ್ನು ಕೂಡಿಸುವುದೇ ಸಣ್ಣ ಸಮಾಜಕ್ಕೆ ಹೆಚ್ಚಿನ ಕಷ್ಟ.

ಈ ನೆಲದಿಂದ ಅವರು ಸೇರಿಸಿಕೊಂಡ ವಸ್ತುಗಳೂ ಉಂಟು. ಬೆನೆ ಇಸ್ರಯೇಲರಲ್ಲಿ ಮದುವೆಗೆ ಮುಂಚೆ ಮೆಹಂದಿ. ಪ್ರವಾದಿ ಏಲೀಯನನ್ನು ಸ್ಮರಿಸಿ ಅವಲಕ್ಕಿ, ತೆಂಗಿನಕಾಯಿ, ಸಕ್ಕರೆ, ಹಣ್ಣುಗಳಿಂದ ಮಾಡುವ ಮಲೀದಾ. ಕೊಚ್ಚಿಯ ಯೆಹೂದ್ಯರಲ್ಲಿ ತಾಳಿಯೇ ಉಂಟು; ಆದರೆ ಶಾಸ್ತ್ರದ ದೃಷ್ಟಿಯಲ್ಲಿ ಅದು ಆಭರಣವಷ್ಟೆ.

ಕೊನೆಯಲ್ಲಿ ವರನು ಗಾಜಿನ ಬಟ್ಟಲೊಂದನ್ನು ಒಡೆಯುತ್ತಾನೆ. ಕ್ರಿ. ಶ. 70ರಲ್ಲಿ ನಾಶವಾದ ಯೆರೂಸಲೇಮಿನ ದೇವಾಲಯದ ಸ್ಮರಣೆಗಾಗಿ ಎಂಬುದು ಪ್ರಸಿದ್ಧವಾದ ವಿವರಣೆ. ತಾಲ್ಮೂದಿನ ಕಥೆಯು ಬೇರೆ. ಮಗನ ಮದುವೆಯಲ್ಲಿ ಪಂಡಿತರು ಅತಿಯಾಗಿ ಹಿಗ್ಗಿದುದನ್ನು ಕಂಡು ರಬೀನನ ಮಗನಾದ ಮಾರ್ ಎಂಬವನು ಬೆಲೆಬಾಳುವ ಪಾತ್ರೆಯೊಂದನ್ನು ತಂದು ಅವರೆದುರಿಗೆ ಒಡೆದನು. ಅವರು ಖಿನ್ನರಾದರೆಂದು ಅಲ್ಲಿದೆ. ದೇವಾಲಯದ ಮಾತೇ ಅಲ್ಲಿಲ್ಲ. ಆ ಅರ್ಥವು ಬಳಿಕ ಕೂಡಿಕೊಂಡುದು.