ವಯನಾಡಿನ ಕಾಫಿಗೆ ರುಚಿಯ ಅಂಕಪಟ್ಟಿ

ಕಲ್ಪೆಟ್ಟದ ಪೇಟೆಯಲ್ಲಿ ಕಾಫಿಯ ಧಾರಣೆ ಕೇಳಿದರೆ 54 ಕಿಲೋ ಚೀಲದ ಲೆಕ್ಕದಲ್ಲಿ ಉತ್ತರ ಬರುತ್ತದೆ. ಸಿಪ್ಪೆಸಹಿತ ಒಣಗಿಸಿದ ಹಣ್ಣಿಗೆ, ಮಲೆಯಾಳದಲ್ಲಿ ‘ಉಂಡಕಾಪ್ಪಿ’ ಎನ್ನುವ ಸರಕಿಗೆ, ಹೀಗೆ ಬೆಲೆ ಕಟ್ಟುವುದು ಇಲ್ಲಿನ ರೂಢಿ. ವ್ಯಾಪಾರಿ ತೂಗುತ್ತಾನೆ, ತೇವ ಎಷ್ಟಿದೆಯೆಂದು ನೋಡುತ್ತಾನೆ, ಸುಲಿದರೆ ಬೀಜ ಎಷ್ಟು ದಕ್ಕೀತೆಂದು ಅಂದಾಜಿಸುತ್ತಾನೆ. ಕುಡಿದು ನೋಡುವುದಿಲ್ಲ. ಕುಡಿಯುವುದಕ್ಕೆಂದೇ ಬೆಳೆದ ವಸ್ತುವಿನ ರುಚಿ ಬೆಳೆಗಾರನ ಅಂಗಳದಲ್ಲಿ ಯಾರ ಲೆಕ್ಕಕ್ಕೂ ಬಾರದೆ ಚೀಲ ಸೇರುತ್ತದೆ.

ರುಚಿಯನ್ನು ಲೆಕ್ಕಕ್ಕೆ ತರುವ ವಿದ್ಯೆಯೊಂದು ಇದೆ. ದ್ರಾಕ್ಷಾರಸವನ್ನು ಬಾಯಲ್ಲಿ ಆಡಿಸಿ, ಉಗುಳಿ, ಅದರ ಗುಣದೋಷಗಳನ್ನು ಬರೆದಿಡುವವರ ಬಗ್ಗೆ ನಾವು ಕೇಳಿದ್ದೇವೆ. ಕಾಫಿಯಲ್ಲಿ ಅದೇ ಕ್ರಮಕ್ಕೆ ‘ಕಪ್ಪಿಂಗ್’ ಎಂದು ಹೆಸರು. ರೊಬಸ್ಟಾ ಪರೀಕ್ಷೆಗೆ ಅಂತಾರಾಷ್ಟ್ರೀಯವಾಗಿ ಒಪ್ಪಿದ ಅಳತೆ ಹೀಗಿದೆ: 150 ಮಿಲಿಲೀಟರ್ ನೀರಿಗೆ 8.75 ಗ್ರಾಂ ಪುಡಿ, ಸುಮಾರು 93 ಡಿಗ್ರಿ ಬಿಸಿ. ಹಾಲೂ ಇಲ್ಲ, ಸಕ್ಕರೆಯೂ ಇಲ್ಲ. ಒಂದೇ ಮಾದರಿಯನ್ನು ಐದು ಬಟ್ಟಲುಗಳಲ್ಲಿ ಇಡುತ್ತಾರೆ, ಏಕೆಂದರೆ ಒಂದು ಕೆಟ್ಟ ಬೀಜ ಒಂದು ಬಟ್ಟಲನ್ನಷ್ಟೇ ಕೆಡಿಸಿ ಸಿಕ್ಕಿಬೀಳಬೇಕು. ಮೊದಲು ಒಣಪುಡಿಯ ಘಮ, ನೀರೆರೆದ ಮೇಲೆ ಹಬೆಯ ಘಮ. ಸುಮಾರು ನಾಲ್ಕು ನಿಮಿಷದ ನಂತರ ಮೇಲೆ ಕಟ್ಟಿದ ಕೆನೆಯಂತಹ ಪದರವನ್ನು ಚಮಚದಿಂದ ಒಡೆದು, ಮೂಗನ್ನು ಬಟ್ಟಲಿಗೆ ತಾಗುವಷ್ಟು ಬಗ್ಗಿಸಿ ಮತ್ತೊಮ್ಮೆ ಮೂಸುತ್ತಾರೆ. ಆಮೇಲೆ ಚಮಚದಲ್ಲಿ ತೆಗೆದು ಸೊರ್ರೆಂದು ಹೀರುತ್ತಾರೆ. ಮನೆಯಲ್ಲಿ ಮಕ್ಕಳು ಹೀಗೆ ಸದ್ದು ಮಾಡಿದರೆ ಗದರುತ್ತೇವೆ. ಇಲ್ಲಿ ಸದ್ದು ಮಾಡದಿದ್ದರೆ ಕೆಲಸವೇ ಆಗದು, ಏಕೆಂದರೆ ದ್ರವ ತುಂತುರಾಗಿ ಬಾಯೆಲ್ಲ ಹರಡಿ, ಘಮ ಗಂಟಲ ಹಿಂದಿನಿಂದ ಮೂಗಿಗೆ ಏರಬೇಕು.

ಹತ್ತು ಅಂಶಗಳಿಗೆ ಹತ್ತು ಹತ್ತು ಅಂಕ; 80 ದಾಟಿದರೆ ಅದು ಉತ್ತಮ ದರ್ಜೆಯ ರೊಬಸ್ಟಾ. ಈ ಅಂಕಪಟ್ಟಿಯಲ್ಲಿ ಒಂದು ವಿಶೇಷವಿದೆ. ಅರೇಬಿಕಾದಲ್ಲಿ ಹುಳಿಯನ್ನು ಬೇರೆಯಾಗಿ ಅಳೆಯುತ್ತಾರೆ. ರೊಬಸ್ಟಾದಲ್ಲಿ ಉಪ್ಪು ಮತ್ತು ಹುಳಿಯ ತೂಗು ಒಂದು, ಕಹಿ ಮತ್ತು ಸಿಹಿಯ ತೂಗು ಇನ್ನೊಂದು. ಕಳಪೆ ರೊಬಸ್ಟಾ ನಾಲಿಗೆಗೆ ತುಸು ಉಪ್ಪಾಗಿಯೂ ಬರಿಯ ಕಹಿಯಾಗಿಯೂ ಉಳಿಯುತ್ತದೆ. ಒಳ್ಳೆಯದರಲ್ಲಿ ಹುಳಿಯೂ ಸಿಹಿಯೂ ಮೇಲುಗೈ ಪಡೆಯುತ್ತವೆ.

ಭಾರತದ ಕಾಫಿಯಲ್ಲಿ ಸುಮಾರು ಐದರಲ್ಲೊಂದು ಪಾಲು ಕೇರಳದ್ದು, ಅದರ ಬಹುಭಾಗ ವಯನಾಡಿನದು, ಅದೂ ಹೆಚ್ಚಾಗಿ ರೊಬಸ್ಟಾ. 2019ರಲ್ಲಿ ‘ವಯನಾಡ್ ರೊಬಸ್ಟಾ’ಕ್ಕೆ ಭೌಗೋಳಿಕ ಸೂಚಕ ಮಾನ್ಯತೆ ದೊರೆಯಿತು, ಕೊಡಗು, ಚಿಕ್ಕಮಗಳೂರು, ಬಾಬಾಬುಡನ್‌ಗಿರಿಗಳ ಅರೇಬಿಕಾಗಳಿಗೂ ಅದೇ ವರ್ಷ. ಆದರೆ ಮಾನ್ಯತೆ ಸಿಕ್ಕಿರುವುದು ಊರಿನ ಹೆಸರಿಗೆ. ಒಬ್ಬ ರೈತನ ಚೀಲದೊಳಗೆ ಏನಿದೆಯೆಂದು ಹೇಳಬಲ್ಲುದು ಬಟ್ಟಲು ಮಾತ್ರ. ಕಾಫಿ ಮಂಡಳಿ 2002ರಿಂದ ನಡೆಸಿದ ‘ಫ್ಲೇವರ್ ಆಫ್ ಇಂಡಿಯಾ’ ಸ್ಪರ್ಧೆ, ಈಚಿನ ‘ನೋ ಯುವರ್ ಕಾಪಿ’ ಇವೆಲ್ಲ ಬೆಳೆಗಾರನಿಗೆ ಅವನದೇ ಕಾಫಿಯ ರುಚಿಯನ್ನು ತಿಳಿಸುವ ಯತ್ನಗಳು. ಏಷ್ಯಾದ ಮೊದಲ ಮಹಿಳಾ ಕಾಫಿ ರುಚಿ ಪರೀಕ್ಷಕಿ ಎಂದು ಹೆಸರಾದ ಸುನಾಲಿನಿ ಮೆನನ್ ಪಳಗಿದ್ದೂ ಆ ಮಂಡಳಿಯಲ್ಲೇ.

ಬಟ್ಟಲು ಮೊದಲು ಹಿಡಿಯುವುದು ತಪ್ಪನ್ನು. ಹಸಿರು ಕಾಯಿಯನ್ನೂ ಹಣ್ಣನ್ನೂ ಒಟ್ಟಿಗೆ ಸುಲಿದು ಕೊಯ್ದರೆ ಒಗರು. ಕೊಯ್ದ ಹಣ್ಣನ್ನು ರಾಶಿ ಹಾಕಿ ಒಂದೆರಡು ದಿನ ಮರೆತರೆ ಹುದುಗಿದ ಹುಳಿ ವಾಸನೆ. ಬರಿ ಮಣ್ಣಿನ ಮೇಲೆ ಹರಡಿದರೆ ಮಣ್ಣಿನ ರುಚಿ. ತೇವವನ್ನು ಸುಮಾರು ಶೇಕಡ 11ಕ್ಕೆ ಇಳಿಸದೆ ಚೀಲ ಕಟ್ಟಿದರೆ ಮುಗ್ಗುಲು. ಕಾಳುಮೆಣಸಿನ ಜೊತೆಗೋ ಗೊಬ್ಬರದ ಜೊತೆಗೋ ಒಂದೇ ಕೋಣೆಯಲ್ಲಿಟ್ಟರೆ ಕಾಫಿ ಆ ವಾಸನೆಯನ್ನು ಹೀರಿಕೊಂಡೇ ತೀರುತ್ತದೆ. ಇವುಗಳಲ್ಲಿ ಯಾವುದೂ ಗಿಡದ ದೋಷವಲ್ಲ. ತಿದ್ದಲು ಹೊಸ ತಳಿ ಬೇಡ, ಕಣಕ್ಕೊಂದು ಟಾರ್ಪಾಲು ಮತ್ತು ತಾಳ್ಮೆ ಸಾಕು. ಆದರೆ ತೂಕಕ್ಕಷ್ಟೇ ಹಣ ಬರುವಲ್ಲಿ ಮೂರು ಸಲ ಹಣ್ಣಾಯ್ದು ಕೊಯ್ಯಲು ಕೂಲಿ ಕೊಡುವವರು ಯಾರು? ಈ ಪ್ರಶ್ನೆಗೆ ಪರೀಕ್ಷಕರ ಬಳಿ ಉತ್ತರವಿಲ್ಲ. ಅಂಕ ನೋಡಿ ಬೆಲೆ ಕೊಡುವ ಕೊಳ್ಳುಗ ಬಂದಾಗ ಮಾತ್ರ ಅದು ಬಗೆಹರಿದೀತು.

ಇನ್ನೊಂದು ತೊಡಕು ಭಾಷೆಯದು. ರುಚಿಯನ್ನು ಬರೆದಿಡಲು ಜಗತ್ತು ಬಳಸುವ ಚಕ್ರಾಕಾರದ ಚಿತ್ರಪಟದಲ್ಲಿ ಬ್ಲೂಬೆರಿ, ಮೇಪಲ್ ಪಾಕ ಮೊದಲಾದ ಹೆಸರುಗಳಿವೆ. ಅವನ್ನು ಎಂದೂ ಬಾಯಿಗಿಡದ ಬೆಳೆಗಾರನಿಗೆ ಆ ಟಿಪ್ಪಣಿ ಕೊಟ್ಟರೆ ಏನು ತಿಳಿದೀತು? ಅಡಿಕೆಗೆ ಚೋಲು, ಪಟೋರ, ಉಳ್ಳಿ, ಕರಿಗೋಟು ಎಂದು ಹೆಸರಿಟ್ಟ ನಮ್ಮ ಜನಕ್ಕೆ ಕಾಫಿಯ ರುಚಿಗೆ ಮಾತಿನ ಬಡತನವಿರಲಾರದು. ಪುನರ್ಪುಳಿಯ ಹುಳಿ, ಜೋನಿಬೆಲ್ಲದ ಸಿಹಿ, ಹುರಿದ ಗೇರುಬೀಜ, ಕಳಿತ ಹಲಸು, ಕಮಟು, ಸೀದದ್ದು: ಇವೇ ಸಾಕಷ್ಟು ನಿಖರ. ಕಲ್ಪೆಟ್ಟವೂ ಕನ್ನಡಕ್ಕೆ ದೂರದ್ದಲ್ಲ. ಅಲ್ಲಿಯ ಹಳೆಯ ಜೈನ ತೋಟಗಾರ ಮನೆತನಗಳು ಇಂದಿಗೂ ‘ಗೌಡರ್’ ಎಂಬ ಹೆಸರನ್ನು ಹೊತ್ತಿವೆ. ‘ಮಾತೃಭೂಮಿ’ಯನ್ನು ಮುನ್ನಡೆಸಿದ ಎಂ. ಪಿ. ವೀರೇಂದ್ರಕುಮಾರ್ 1936ರಲ್ಲಿ ಅಲ್ಲಿ ಹುಟ್ಟಿದ್ದು ಪದ್ಮಪ್ರಭ ಗೌಡರ್ ಅವರ ಮಗನಾಗಿ.

ಮನೆಯಲ್ಲಿ ಮಕ್ಕಳೊಡನೆ ಇದರ ಮೊದಲ ಮೆಟ್ಟಿಲನ್ನಾದರೂ ಹತ್ತಬಹುದು. ಕುಡಿಸಬೇಕೆಂದಿಲ್ಲ, ಮೂಸಿದರೆ ಸಾಕು. ಚಿಕೋರಿ ಬೆರೆಸದ ಪುಡಿಯನ್ನು ಎರಡು ಡಬ್ಬಿಗಳಲ್ಲಿ ಹಾಕಿ, ಒಂದರೊಳಗೆ ಬಟ್ಟೆಯಲ್ಲಿ ಕಟ್ಟಿದ ಕಾಳುಮೆಣಸನ್ನು ಇಟ್ಟು ಒಂದು ವಾರ ಮುಚ್ಚಿಡಿ. ಬಳಿಕ ಗಂಟನ್ನು ತೆಗೆದು, ಕಣ್ಣು ಮುಚ್ಚಿಸಿ, ಎರಡರಲ್ಲಿ ಯಾವುದು ಯಾವುದೆಂದು ಕೇಳಿ. ಅವರು ಹೇಳಿದ ಮಾತನ್ನು ತಿದ್ದದೆ, ಅವರದೇ ಪದಗಳಲ್ಲಿ, ತಾರೀಕು ಹಾಕಿ ಬರೆದಿಡಿ.