ಹಳೇ ಡಬ್ಬಿಗೆ ಹೊಸ ಸಾಗವಾನಿ

ಹಟ್ಟಿಯಲ್ಲಿ ಹಳಿಗಳಿರುವುದು ನೆಲದ ಕೆಳಗೆ. ಚಿನ್ನದ ಗಣಿಯ ಮಲ್ಲಪ್ಪ ಶಾಫ್ಟಿನಲ್ಲಿ ಇಳಿದು ದುಡಿದವರಿಗೆ ಆ ಕಿರಿದಾದ ಹಳಿಯೂ ಗೊತ್ತು, ಅದಿರು ಹೊತ್ತು ಗಡಗಡ ಓಡುವ ಟಬ್ಬುಗಳೂ ಗೊತ್ತು. ನೆಲದ ಮೇಲಿನ ರೈಲು ಮಾತ್ರ ನಮ್ಮ ಕಡೆ ಹೊರಡಲು ಬಹಳ ತಡ ಮಾಡಿತು. ಮುಂಬೈ ಕಡೆಯ ಹಳಿಯೂ ಮದರಾಸಿನ ಕಡೆಯ ಹಳಿಯೂ ರಾಯಚೂರಿನಲ್ಲಿ ಬಂದು ಕೂಡಿದ್ದು 1871ರಲ್ಲಿ. ಅದೇ ಜಿಲ್ಲೆಯ ಸಿಂಧನೂರು ರೈಲಿನ ಮುಖ ನೋಡಿದ್ದು 2024ರಲ್ಲಿ. ಗದಗ–ವಾಡಿ ಮಾರ್ಗದಲ್ಲಿ ಕುಷ್ಟಗಿಯವರೆಗೆ 2025ರಲ್ಲಿ ಗಾಡಿ ಓಡತೊಡಗಿತು. ಆ ದಾರಿಯಲ್ಲಿ ಲಿಂಗಸುಗೂರಿನ ಸರದಿ ಅದರ ನಂತರದ್ದು.

ಹೀಗಾಗಿ ಕಟ್ಟಿಗೆಯ ರೈಲು ಡಬ್ಬಿಗಳು ಓಡಾಡಿದ ಕಾಲವೆಲ್ಲ ನಮ್ಮ ಈ ಮೂರು ತಾಲ್ಲೂಕುಗಳನ್ನು ಮುಟ್ಟದೆ ಕಳೆದುಹೋಯಿತು. ಆದರೂ ಆ ಡಬ್ಬಿಗಳನ್ನು ಕೈಯಾರೆ ದುರಸ್ತಿ ಮಾಡಿದ ಒಬ್ಬರು ನಮ್ಮ ಕಡೆಯವರೇ. ಲಿಂಗಸುಗೂರು ಸೀಮೆಯಿಂದ ಹುಬ್ಬಳ್ಳಿಗೆ ಹೋಗಿ, ರೈಲ್ವೆ ವರ್ಕ್‌ಶಾಪಿನಲ್ಲಿ ಖಲಾಸಿಯಾಗಿ ಸೇರಿ, ಮರಗೆಲಸದ ಮಿಸ್ತ್ರಿಯಾಗಿ ನಿವೃತ್ತರಾದ ಹಿರಿಯರು. ಹೆಸರು ಹಾಕುವುದು ಬೇಡ ಎಂದರು. ಹಳೇ ಬೋಗಿಗಳ ಪುನರುಜ್ಜೀವನ ಎಂಬ ಕೆಲಸ ಏನೆಂದು ತಿಳಿಯಲು ಹೊರಟ ನನ್ನನ್ನು ಅವರ ಮನೆಯ ಒಂದು ಕಿಟಕಿ ಹಿಡಿದು ನಿಲ್ಲಿಸಿತು.

ಅದು ರೈಲಿನ ಕಿಟಕಿ. ಮೀಟರ್ ಗೇಜ್ ಹೋಗಿ ಬ್ರಾಡ್ ಗೇಜ್ ಬಂದ 1990ರ ದಶಕದಲ್ಲಿ ಹಳೇ ಡಬ್ಬಿಗಳು ಗುಜರಿಗೆ ಹರಾಜಾದವು. ಹಾಗೆ ಒಡೆದ ಒಂದು ಡಬ್ಬಿಯ ಕಿಟಕಿಯನ್ನು ಚೌಕಟ್ಟಿನ ಸಮೇತ ಕೊಂಡುತಂದು ತಮ್ಮ ಪಡಸಾಲೆಯ ಗೋಡೆಗೆ ಕೂರಿಸಿಕೊಂಡಿದ್ದಾರೆ. ಸಾಗವಾನಿಯ ಚೌಕಟ್ಟು. ಅದರೊಳಗೆ ಒಂದರ ಹಿಂದೆ ಒಂದು ಎರಡು ಬಾಗಿಲು: ಒಂದು ಗಾಜಿನದು, ಇನ್ನೊಂದು ಗಾಳಿ ಬಿಟ್ಟು ಬಿಸಿಲು ತಡೆಯುವ ಓರೆಪಟ್ಟಿಯ ಝಿಲ್ಮಿಲಿ. ಎತ್ತಿದರೆ ಮೇಲೆ ಕಚ್ಚಿಕೊಳ್ಳುತ್ತವೆ, ಬಿಟ್ಟರೆ ಕೆಳಗಿನ ಗೋಡೆಯೊಳಗಿನ ಸಂದಿಗೆ ಇಳಿದು ಮಾಯವಾಗುತ್ತವೆ. ನಮ್ಮ ರಾಯಚೂರು ಬಿಸಿಲಿಗೆ ಈ ಝಿಲ್ಮಿಲಿಗಿಂತ ಒಳ್ಳೆಯ ಉಪಾಯ ಇರಲಾರದು ಎಂದು ಅದರ ಮುಂದೆ ಕುಳಿತಾಗ ಅನ್ನಿಸಿತು. ಮಧ್ಯಾಹ್ನದ ಹೊತ್ತು, ಫ್ಯಾನು ನಿಂತಿತ್ತು. ಪಟ್ಟಿಗಳ ನಡುವಿಂದ ಗಾಳಿ ಬರುತ್ತಿತ್ತು, ಬಿಸಿಲು ಬರುತ್ತಿರಲಿಲ್ಲ.

ಮಿಸ್ತ್ರಿ ಗಾಜಿನ ಬಾಗಿಲು ಮೇಲೆತ್ತಿ, ಕೆಳಗಿನ ಸಂದಿಯಲ್ಲಿ ಬೆರಳಾಡಿಸಿ ತೋರಿಸಿದರು. ಓಡುವ ಗಾಡಿಗೆ ಬಡಿದ ಮಳೆನೀರು ಗಾಜಿನ ಮೇಲಿಂದ ಜಾರಿ ಈ ಸಂದಿಗೇ ಇಳಿಯುತ್ತದೆ. ಅದು ಹೊರಗೆ ಹೋಗಲೆಂದು ತಳದಲ್ಲಿ ಸಣ್ಣ ತೂತುಗಳಿರುತ್ತವೆ. ಶೇಂಗಾ ಸಿಪ್ಪೆ, ಧೂಳು, ಬೀಡಿ ತುಂಡು, ಟಿಕೆಟಿನ ಚೂರು ಬಿದ್ದು ತೂತು ಕಟ್ಟಿಕೊಂಡಿತೆಂದರೆ ನೀರು ನಿಲ್ಲುತ್ತದೆ. ನಿಂತ ನೀರು ಡಬ್ಬಿಯ ಉದ್ದಕ್ಕೂ ಹಾಯ್ದ ತಳದ ತೊಲೆಯನ್ನು ಒಳಗಿಂದ ತಿನ್ನತೊಡಗುತ್ತದೆ. ಹೊರಗೆ ಬಣ್ಣ ಫಳಫಳ ಹೊಳೆಯುತ್ತಲೇ ಇರುತ್ತದೆ. "ನೀರು ಎಲ್ಲಿ ನಿಂದರತದ ನೋಡು, ಡಬ್ಬಿ ಅಲ್ಲೇ ಸಾಯ್ತದ" ಎಂದರು. ಹಳೇ ಬೋಗಿಯನ್ನು ದುರಸ್ತಿಗೆ ತೆಗೆದುಕೊಂಡವರು ಮೊದಲು ಬಣ್ಣದ ಡಬ್ಬಿ ತೆರೆಯುವುದಿಲ್ಲ. ಗೂಟದಂಥದ್ದೊಂದು ಹಿಡಿದು ಕಿಟಕಿ ಕೆಳಗೆ, ಬಾಗಿಲ ಬುಡದಲ್ಲಿ, ಮೂಲೆಮೂಲೆಯಲ್ಲಿ ತಟ್ಟುತ್ತ ಹೋಗುತ್ತಾರೆ. ಗಟ್ಟಿ ಸಾಗವಾನಿ ಠಣ್ ಅನ್ನುತ್ತದೆ, ಕೊಳೆತದ್ದು ದಬ್ ಅನ್ನುತ್ತದೆ. ಅಲ್ಲಿ ಚಾಣದ ತುದಿ ಒತ್ತಿದರೆ ತಾನಾಗಿ ಒಳಗೆ ಹೋಗುತ್ತದೆ.

ಕೊಳೆತಿತೆಂದು ಇಡೀ ತೊಲೆ ಕಿತ್ತು ಎಸೆಯುವುದು ಸುಲಭ. ಬಲ್ಲವರು ಹಾಗೆ ಮಾಡುವುದಿಲ್ಲ. ಕೆಟ್ಟ ಭಾಗವನ್ನಷ್ಟೇ ಓರೆಯಾಗಿ, ಉದ್ದನೆಯ ಇಳಿಜಾರಾಗಿ ಕೊಯ್ದು ತೆಗೆಯುತ್ತಾರೆ. ಅದೇ ಓರೆಗೆ ಹೊಂದುವಂತೆ ಹೊಸ ಸಾಗವಾನಿ ಸೀಳಿ, ಹಳೇ ಕಟ್ಟಿಗೆಯ ನಾರು ಓಡಿದ ದಿಕ್ಕಿಗೇ ಹೊಸದರ ನಾರು ಹೊಂದಿಸಿ ಜೋಡಿಸುತ್ತಾರೆ. ಜೋಡು ನೇರವಾಗಿದ್ದರೆ ಗಾಡಿಯ ಅಲುಗಾಟಕ್ಕೆ ಬಿಚ್ಚಿಕೊಳ್ಳುತ್ತದೆ. ಓರೆಯಾಗಿದ್ದರೆ ಭಾರ ಉದ್ದಕ್ಕೂ ಹಂಚಿಹೋಗುತ್ತದೆ. ಮಿಸ್ತ್ರಿಯ ಚೌಕಟ್ಟಿನಲ್ಲೂ ಅಂಥದೊಂದು ಜೋಡಿದೆ. ಅವರಿಗಿಂತ ಹಿಂದಿನವರ ಕೈಕೆಲಸವದು. ಅವರು ಬೆರಳಿಟ್ಟು ತೋರಿಸುವವರೆಗೆ ನನಗೆ ಕಾಣಲಿಲ್ಲ, ತೋರಿಸಿದ ಮೇಲೂ ಉಗುರಿಗೆ ತಾಗಲಿಲ್ಲ.

ಉಳಿದ ಕೆಲಸಗಳ ಬಗ್ಗೆ ಅವರು ಅಷ್ಟು ಆಸ್ಥೆಯಿಂದ ಹೇಳಲಿಲ್ಲ. ಸೂರಿಗೆ ಹಲಗೆ ಜೋಡಿಸಿ ಅದರ ಮೇಲೆ ದಪ್ಪ ಕ್ಯಾನ್ವಾಸು ಬಿಗಿದು, ಅಗಸೆಎಣ್ಣೆ ಕಲೆಸಿದ ಬಿಳಿಸೀಸದ ಬಣ್ಣ ಬಳಿಯುವುದು. ಮೈಯ ಬಣ್ಣವನ್ನು ಪದರ ಪದರವಾಗಿ ಕೆರೆಯುತ್ತ ಹೋಗಿ ತಳದಲ್ಲಿ ಸಿಕ್ಕಿದ ಮೊದಲ ಬಣ್ಣವನ್ನು ಗುರುತಿಟ್ಟುಕೊಳ್ಳುವುದು. ತುಕ್ಕು ಹಿಡಿಯದ ಹಿತ್ತಾಳೆ ತಿರುಪು ಹಾಕುವುದು. ವಾರ್ನಿಷು ಒಂದು ಕೈ ಬಳಿದು, ಒಣಗಿಸಿ, ಉಜ್ಜಿ, ಮತ್ತೊಂದು ಕೈ ಬಳಿಯುವುದು. ಗಾಲಿ, ಸ್ಪ್ರಿಂಗು, ಬ್ರೇಕು ಕಬ್ಬಿಣದವರ ಪಾಲು. ಅದು ಬೇರೆಯೇ ಶಾಪು, ಬೇರೆಯೇ ಜನ.

ಹುಬ್ಬಳ್ಳಿಯ ಈ ವರ್ಕ್‌ಶಾಪು ಸದರ್ನ್ ಮರಾಠಾ ರೈಲ್ವೆಯ ಕಾಲದ್ದು. 1882ರಲ್ಲಿ ಹುಟ್ಟಿದ ಆ ಕಂಪನಿ 1908ರಲ್ಲಿ ಮದರಾಸು ರೈಲ್ವೆಯ ಜೊತೆ ಸೇರಿತು, 1951ರಲ್ಲಿ ದಕ್ಷಿಣ ರೈಲ್ವೆಯಲ್ಲಿ ಕರಗಿತು. 2003ರಲ್ಲಿ ನೈಋತ್ಯ ರೈಲ್ವೆಗೆ ಹುಬ್ಬಳ್ಳಿಯೇ ಕೇಂದ್ರವಾಯಿತು. ದಾಂಡೇಲಿ, ಹಳಿಯಾಳದ ಸಾಗವಾನಿ ಕಾಡು ಬಗಲಲ್ಲೇ ಇದ್ದ ಊರಿದು. 1955ರಲ್ಲಿ ಪೆರಂಬೂರಿನ ಕೋಚ್ ಕಾರ್ಖಾನೆ ಉಕ್ಕಿನ ಡಬ್ಬಿಗಳನ್ನು ಹೊರತರತೊಡಗಿದ ಮೇಲೆ ಕಟ್ಟಿಗೆಯ ದಿನಗಳು ಎಣಿಕೆಗೆ ಬಂದವು. ಅದು ಆಗಬೇಕಾದದ್ದೇ. ಅಪಘಾತವಾದರೆ ಕಟ್ಟಿಗೆಯ ಡಬ್ಬಿ ಸೀಳಿ ಚೂರಾಗುತ್ತಿತ್ತು, ಬೆಂಕಿ ಹತ್ತಿದರೆ ನಿಲ್ಲುತ್ತಿರಲಿಲ್ಲ. ಮಿಸ್ತ್ರಿಯೂ ಇದನ್ನು ಒಪ್ಪುತ್ತಾರೆ. ಜನ ಕೂತು ಹೋಗುವ ಗಾಡಿ ಉಕ್ಕಿನದೇ ಇರಲಿ, ಆದರೆ ಕಟ್ಟಿಗೆಯದ್ದೊಂದು ನೋಡಲಿಕ್ಕಾದರೂ ಉಳಿಯಲಿ ಎಂಬುದು ಅವರ ಮಾತು.

ನೋಡಲಿಕ್ಕೆ ಉಳಿದವು ಇವೆ. ಗದಗ ರಸ್ತೆಯ ಬದಿಗೆ ಹುಬ್ಬಳ್ಳಿಯದೇ ರೈಲು ಸಂಗ್ರಹಾಲಯ 2020ರಲ್ಲಿ ತೆರೆಯಿತು. ನೂರು ವರ್ಷ ಮೀರಿದ ಎರಡು ರೈಲ್ವೆ ಮನೆಗಳನ್ನು ಸರಿಪಡಿಸಿ, ಮಲಪ್ರಭಾ, ಘಟಪ್ರಭಾ ಎಂದು ಹೆಸರಿಟ್ಟು ಹಳೇ ಸಾಮಾನುಗಳನ್ನು ಜೋಡಿಸಿಟ್ಟಿದ್ದಾರೆ. ನಮ್ಮ ಕಡೆಯ ಮಕ್ಕಳು ಈಗ ಸಿಂಧನೂರಿನಲ್ಲಿ ರೈಲು ಹತ್ತಿಯೇ ಅದನ್ನು ನೋಡಿಬರಬಹುದು. ಮೈಸೂರಿನದು ಹಿರಿಯದು, 1979ರದು. ದೆಹಲಿಯ ರಾಷ್ಟ್ರೀಯ ರೈಲು ಸಂಗ್ರಹಾಲಯ ತೆರೆದು ಎರಡೇ ವರ್ಷಕ್ಕೆ, ದೇಶದಲ್ಲಿ ಎರಡನೆಯದಾಗಿ ಆದದ್ದು. ಅಲ್ಲಿ ಶ್ರೀರಂಗ ಮಂಟಪದೊಳಗೆ 1899ರ ಮಹಾರಾಣಿ ಸಲೂನು ಇದೆ. ಮಲಗುವ ಮಂಚ, ಊಟದ ಕೋಣೆ, ಅಡುಗೆಮನೆ, ಶೌಚಾಲಯ, ಒಂದು ಅರಮನೆಯ ಸಂಸಾರವೇ ಅದರಲ್ಲಿ ಅಡಗಿದೆ. ಅದೇ 1899ರ ಮಹಾರಾಜರ ಸಲೂನು ದೆಹಲಿಯಲ್ಲಿದೆ. ಸಾಗವಾನಿಯ ಮೇಲೆ ದಂತ, ಚಿನ್ನದ ಅಲಂಕಾರ. ಎರಡೂ ಇಷ್ಟು ಚೆನ್ನಾಗಿ ಉಳಿದಿರುವುದಕ್ಕೆ ದೊಡ್ಡ ಕಾರಣ ತಲೆಯ ಮೇಲೆ ಸೂರಿರುವುದು. ಬಯಲಲ್ಲಿ ನಿಲ್ಲಿಸಿ ವರ್ಷಕ್ಕೊಮ್ಮೆ ಎನಾಮೆಲ್ ಬಳಿದರೆ ಯಾವ ಡಬ್ಬಿಯೂ ಬಾಳುವುದಿಲ್ಲ.

ಇಲ್ಲಿ ನನ್ನ ಮನಸ್ಸಿನ ಮಾತೊಂದನ್ನು ಹೇಳಲೇಬೇಕು. ರಾಜರ ಡಬ್ಬಿಗಳನ್ನು ಜೋಪಾನ ಮಾಡಿದ್ದೇವೆ, ಒಳ್ಳೆಯದೇ. ಆದರೆ 1974ರವರೆಗೂ ಈ ದೇಶದ ರೈಲಿನಲ್ಲಿ ಮೂರನೇ ದರ್ಜೆ ಇತ್ತು. ಹೆಚ್ಚಿನ ಜನ ಓಡಾಡಿದ್ದು ಅದರ ಪಟ್ಟಿಪಟ್ಟಿಯ ಕಟ್ಟಿಗೆ ಬೆಂಚಿನ ಮೇಲೆ. ಬರ ಬಿದ್ದಾಗ ನಮ್ಮ ಸೀಮೆಯವರು ಬಸ್ಸು, ಲಾರಿ ಹಿಡಿದು ರಾಯಚೂರು ಮುಟ್ಟಿ, ಅಲ್ಲಿಂದ ದುಡಿಯಲು ಮುಂಬೈಗೆ ಗುಳೆ ಹೋದದ್ದು ಅಂಥ ಡಬ್ಬಿಗಳಲ್ಲಿ. ಒಲೆಯ ಪಾತ್ರೆ, ರೊಟ್ಟಿಯ ಗಂಟು, ಕಂಕುಳ ಕೂಸು ಎಲ್ಲ ಆ ಬೆಂಚಿನ ಮೇಲೆ ಕೂತಿವೆ. ಚರಿತ್ರೆ ಎಂದರೆ ಅದೂ ಅಲ್ಲವೇ? ಮಿಸ್ತ್ರಿಯ ಗೋಡೆಯಲ್ಲಿರುವ ಕಿಟಕಿ ಅಂಥ ಮೂರನೇ ದರ್ಜೆಯ ಡಬ್ಬಿಯದು. ಅದನ್ನೇ ಆರಿಸಿ ತಂದದ್ದಕ್ಕೆ ಕಾರಣವನ್ನೂ ಹೇಳಿದರು: ಊರು ಬಿಟ್ಟು ಬಂದಾಗ ರಾಯಚೂರಿನಲ್ಲಿ ಹತ್ತಿ ಕೂತದ್ದು ಅಂಥದೇ ಕಿಟಕಿಯ ಪಕ್ಕ.

ಈಗಿನ ತೊಡಕು ಹಣದ್ದು ಅರ್ಧ, ಕೈಯದ್ದು ಅರ್ಧ. ಒಳ್ಳೆಯ ಸಾಗವಾನಿಗೆ ಬಂಗಾರದ ಬೆಲೆ. ಆದರೂ ಹಣ ಕೊಟ್ಟರೆ ಕಟ್ಟಿಗೆ ಸಿಕ್ಕೀತು, ಓರೆ ಜೋಡು ಹಾಕುವವರು ಎಲ್ಲಿ ಸಿಗಬೇಕು? ವರ್ಕ್‌ಶಾಪುಗಳಿಗೆ ಇಂದು ಬೇಕಾದವರು ವೆಲ್ಡರುಗಳು, ಎಲೆಕ್ಟ್ರಿಷಿಯನ್ನರು. ರಂದಾ ಹಿಡಿದು ಕಲಿತವರು ಒಬ್ಬೊಬ್ಬರೇ ನಿವೃತ್ತರಾಗಿದ್ದಾರೆ. ಲಿಂಗಸುಗೂರು, ಸಿಂಧನೂರಿನ ಐಟಿಐ ಹುಡುಗರನ್ನು ಇಂಥ ಹಿರಿಯರ ಬಳಿ ಕೂರಿಸಿದರೆ ಈ ವಿದ್ಯೆ ಇನ್ನೊಂದು ತಲೆಮಾರು ದಾಟಬಹುದು. ಹಟ್ಟಿಗೂ ಅದರಿಂದ ಪ್ರಯೋಜನ. ಗಣಿಯ ಹಳೇ ಟಬ್ಬುಗಳು, ಹಳಿಯ ತುಂಡುಗಳು ಗುಜರಿ ಸೇರುವ ಮುಂಚೆ ಆರಿಸಿ ಇಡಲು ಬೇಕಾದದ್ದು ಇದೇ ಕಣ್ಣು.

ಪೆರಂಬೂರಿನ ಹಳೇ ಮಾದರಿಯ ಉಕ್ಕಿನ ಡಬ್ಬಿಗಳ ತಯಾರಿಕೆ 2018ರ ಜನವರಿಯಲ್ಲಿ ನಿಂತಿತು. ಓಡುತ್ತಿರುವವೂ ವರ್ಷದಿಂದ ವರ್ಷಕ್ಕೆ ಮೂಲೆ ಸೇರುತ್ತಿವೆ. ಅವುಗಳಲ್ಲಿ ಒಂದು ಜನರಲ್ ಬೋಗಿಯನ್ನಾದರೂ ರಾಯಚೂರು ನಿಲ್ದಾಣದಲ್ಲಿ, ಇಲ್ಲವೇ ಲಿಂಗಸುಗೂರಿನಲ್ಲಿ, ಸೂರಿನಡಿ ನಿಲ್ಲಿಸಬೇಕು. ಅದರೊಳಗೊಂದು ಮೂರನೇ ದರ್ಜೆಯ ಬೆಂಚು, ಒಂದು ಝಿಲ್ಮಿಲಿ ಕಿಟಕಿ ಇರಬೇಕು ಎಂಬುದು ನನ್ನ ಆಸೆ. ಮಿಸ್ತ್ರಿಯ ಮಕ್ಕಳು ಮನೆ ಹೊಸದಾಗಿ ಕಟ್ಟಿಸುವವರಿದ್ದಾರೆ. ಪಡಸಾಲೆಗೆ ಅಲ್ಯುಮಿನಿಯಂ ಕಿಟಕಿ ಬರಲಿದೆ. ಹಳೆಯ ಚೌಕಟ್ಟನ್ನು ಯಾವ ಸಂಗ್ರಹಾಲಯಕ್ಕಾದರೂ ಸುಮ್ಮನೆ ಕೊಟ್ಟುಬಿಡಲು ಅವರು ತಯಾರಿದ್ದಾರೆ. ಕೇಳಿಕೊಂಡು ಇನ್ನೂ ಯಾರೂ ಬಂದಿಲ್ಲ.