ಹಂಚಿನಂತೆ ಕಾದ ಡಬ್ಬಿಯೊಳಗೆ

ಏಪ್ರಿಲ್ ನಡುಹಗಲು. ಕಬ್ಬಿನ ಹಂಗಾಮು ಮುಗಿದು ಬೆಳಗಾವಿ ಸೀಮೆಯ ಮೂಡಲಗಿಯ ರಸ್ತೆಗಳಲ್ಲಿ ಟ್ರ್ಯಾಕ್ಟರುಗಳ ಸದ್ದಡಗಿದೆ. ಎರೆಹೊಲ ಬಾಯಿಬಿಟ್ಟಿದೆ. ಬೇವಿನ ನೆರಳಲ್ಲಿ ಎಮ್ಮೆಯೊಂದು ಕಣ್ಣು ಮುಚ್ಚಿ ಮೆಲುಕು ಹಾಕುತ್ತಿದೆ. ಪಕ್ಕದ ಕಂಬಕ್ಕೆ ಬಿಗಿದ ಇಂಟರ್ನೆಟ್ ಫೈಬರ್ ಡಬ್ಬಿಯ ಬಾಗಿಲು ತೆಗೆದ ಹುಡುಗ ಬೆರಳು ಜಾಡಿಸಿದ: "ಅಬ್ಬಬ್ಬ, ಹಂಚಿನಂಗ ಕಾದೈತ್ರಿ!"

ಒಳಗೆ ಸುರುಳಿ ಸುತ್ತಿದ ಹಳದಿ ದಾರಗಳು, ನಡುವೆ ಬೆರಳುದ್ದದ ಒಂದು ತುಣುಕು. ಅದರೊಳಗಿನ ಗಾಜಿನಲ್ಲಿ ಬೆಳಕಿಗೆಂದೇ ಕಾಲುವೆಗಳಿವೆ. ಘಟಪ್ರಭೆಯ ನೀರು ಹೊಲಹೊಲಕ್ಕೆ ಕವಲೊಡೆದಂತೆ ಇಲ್ಲಿ ಬೆಳಕು ಮನೆಮನೆಗೆ ಕವಲೊಡೆಯುತ್ತದೆ. ಈ ತುಣುಕಿಗೆ ಬಿಸಿಲಿನ ಚಿಂತೆ ಅಷ್ಟಿಲ್ಲ. ಬೆಳಕನ್ನು ಹಂಚುವುದಷ್ಟೇ ಅದರ ಕೆಲಸ, ಬಣ್ಣ ಆರಿಸುವುದಲ್ಲ.

ಫಜೀತಿಯೆಲ್ಲ ಬಣ್ಣ ಆರಿಸುವ ಅದರ ಅಣ್ಣನಿಗೆ, ಇನ್ನೊಂದು ಗಾಜಿನ ತುಣುಕಿಗೆ. ದೂರದ ಊರುಗಳನ್ನು ಜೋಡಿಸುವ ಒಂದೇ ಎಳೆಯಲ್ಲಿ ಹತ್ತಾರು ಬಣ್ಣಗಳು ಓಡುತ್ತವೆ, ನಮ್ಮ ಕಣ್ಣಿಗೆ ಕಾಣದ ಬಣ್ಣಗಳು. ಒಂದಕ್ಕೂ ಇನ್ನೊಂದಕ್ಕೂ ಅಂತರ ಸುಮಾರು 0.8 ನ್ಯಾನೋಮೀಟರ್. ಒಂದಕ್ಕಿಂತ ಒಂದು ತುಸು ಉದ್ದವಾದ ಕಾಲುವೆಗಳ ಸಾಲಿನಿಂದ ಅವನ್ನು ಬೇರ್ಪಡಿಸುವ ದಾರಿಯನ್ನು 1988ರಲ್ಲಿ ನೆದರ್ಲೆಂಡ್ಸಿನ ಸಂಶೋಧಕ ಮೈಂಟ್ ಸ್ಮಿಟ್ ತೋರಿಸಿದರು. ಗಾಜು ಒಂದು ಡಿಗ್ರಿ ಕಾದರೆ ಸಾಕು, ಆರಿಸುವ ಬಣ್ಣ 0.011 ನ್ಯಾನೋಮೀಟರ್ ಸರಿಯುತ್ತದೆ. ಚಳಿಗಾಲದ ನಸುಕಿನ 12 ಡಿಗ್ರಿಯಿಂದ ಬಿಸಿಲಲ್ಲಿ ಕಾದ ಡಬ್ಬಿಯ 60ಕ್ಕೆ ಲೆಕ್ಕ ಹಾಕಿ: ಅರ್ಧ ನ್ಯಾನೋಮೀಟರಿಗೂ ಹೆಚ್ಚು. ಒಬ್ಬರ ಮಾತು ಪಕ್ಕದ ಓಣಿಗೆ ಹೊರಳಿತೆಂದೇ ಅರ್ಥ.

ಇದಕ್ಕೆ ಹಳೆಯ ಮದ್ದು ಹೀಟರ್. ಗಾಜನ್ನು ವರ್ಷವಿಡೀ 70–80 ಡಿಗ್ರಿಯಲ್ಲೇ ಕಾಯಿಸಿಡುವುದು. ಬೇಸಿಗೆಯಲ್ಲಿ ಹಂಚಿನ ಕೆಳಗೆ ಒಲೆ ಹೊತ್ತಿಸಿದ ಹಾಗೆ! ಕರೆಂಟು ಕೈಕೊಡುವ ನಮ್ಮ ಕಡೆಗಂತೂ ಇದು ಒಗ್ಗದ ಮದ್ದು.

1997ರಲ್ಲಿ ಜಪಾನಿನ ದೂರಸಂಪರ್ಕ ಸಂಸ್ಥೆ ಎನ್‌ಟಿಟಿಯವರು ಬೇರೆ ದಾರಿ ಹಿಡಿದರು. ಕಾಲುವೆಗಳಿಗೆ ಅಡ್ಡಲಾಗಿ ಸಣ್ಣ ತೋಡು ಕೊರೆದು ಸಿಲಿಕೋನ್ ಎಂಬ ಪಾಲಿಮರ್ ತುಂಬಿದರು. ಕಾದಷ್ಟೂ ಗಾಜಿನಲ್ಲಿ ಬೆಳಕು ನಿಧಾನವಾಗುತ್ತದೆ, ಸಿಲಿಕೋನಿನಲ್ಲಿ ಚುರುಕಾಗುತ್ತದೆ, ಅದೂ ಗಾಜಿನಲ್ಲಾಗುವ ಬದಲಾವಣೆಯ ಹತ್ತಾರು ಪಟ್ಟು. ಹಾಗಾಗಿ ಚೂರೇ ಚೂರು ಸಾಕು: ಉದ್ದದ ಕಾಲುವೆಗೆ ತುಸು ಜಾಸ್ತಿ, ಗಿಡ್ಡದಕ್ಕೆ ಕಡಿಮೆ. ಸೊನ್ನೆಯಿಂದ 85 ಡಿಗ್ರಿವರೆಗೆ 0.95 ನ್ಯಾನೋಮೀಟರ್ ಸರಿಯುತ್ತಿದ್ದ ಬಣ್ಣ 0.05ಕ್ಕೆ ನಿಂತಿತು. ಚಕ್ಕಡಿ ಗಾಲಿಗೆ ಹಳಿ ತೊಡಿಸುವ ಕಮ್ಮಾರನನ್ನು ನೋಡಿದವರಿಗೆ ಬಿಸಿಯನ್ನೇ ಹೀಗೆ ದುಡಿಸಿಕೊಳ್ಳುವುದು ಹೊಸತೆನಿಸದು. ಕುಳ್ಳಿನ ಬೆಂಕಿಯಲ್ಲಿ ಕಬ್ಬಿಣ ಹಿಗ್ಗುತ್ತದೆ, ಕಟ್ಟಿಗೆ ತಣ್ಣಗೇ ಇರುತ್ತದೆ. ನೀರು ಸುರಿದಾಗ ಕಬ್ಬಿಣ ಕುಗ್ಗಿ ಗಾಲಿಯನ್ನು ಬಿಗಿಯುತ್ತದೆ.

ಗಾಜಿನ ಬದಲು ಸಿಲಿಕಾನ್ ಬಳಸಿದರೆ ಚಿಪ್ ಕಿರಿದಾಗುತ್ತದೆ, ಕಾಟ ಹಿರಿದಾಗುತ್ತದೆ. ಬಣ್ಣ ಏಳೆಂಟು ಪಟ್ಟು ಜಾಸ್ತಿ ಸರಿಯುತ್ತದೆ. ಅದಕ್ಕೆ ಟೈಟಾನಿಯಂ ಡೈಆಕ್ಸೈಡಿನ ಹೊದಿಕೆ ಹೊದಿಸುವುದುಂಟು. ಬಿಸಿಗೆ ಅದರ ನಡೆಯೂ ಉಲ್ಟಾ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನ್ಯಾನೋ ಕೇಂದ್ರದಲ್ಲೂ ಇಂಥ ಸಿಲಿಕಾನ್ ಬೆಳಕಿನ ಚಿಪ್‌ಗಳ ಕೆಲಸ ನಡೆದಿದೆ.

ಹುಡುಗ ಕೈಗೆ ಟವೆಲ್ಲು ಸುತ್ತಿಕೊಂಡು ಡಬ್ಬಿಯ ಬಾಗಿಲು ಮುಚ್ಚಿದ. ಒಳಗೆ ಫ್ಯಾನಿಲ್ಲ, ಹೀಟರಿಲ್ಲ, ಕರೆಂಟಿನ ತಂತಿಯೂ ಇಲ್ಲ.